ಅಗ್ಗಕ್ಕೆ ಬಂದ ಹೆಂಚಿನ ಮನೆ

ಕಳೆದ ವಾರ ನಮ್ಮ ಕಚೇರಿಗೆ ಬಂದ ಓದುಗರೊಬ್ಬರು ಕಿಸೆಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಇಪ್ಪತ್ತಾರು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಈಗ ಗಲ್ಲೆಯಲ್ಲಿ ಕುಳಿತುಕೊಳ್ಳುವವರು. ಕುಂದಾಪುರ ತಾಲೂಕಿನ ಒಳನಾಡಿನಲ್ಲಿ ಒಂದು ಹೆಂಚಿನ ಮನೆ, ಒಂದು ಬಾವಿ, ಹನ್ನೆರಡು ತೆಂಗಿನ ಮರ, ಐವತ್ತು ಸೆಂಟ್ಸು ಜಾಗ. ಕ್ರಯ ಏಳು ಲಕ್ಷ ರೂಪಾಯಿ. ಹದಿನೈದು ದಿನಗಳೊಳಗೆ ಮುಂಗಡ ಕೊಡದಿದ್ದರೆ ಬೇರೆಯವರ ಪಾಲಾಗುವುದೆಂದು ದಲ್ಲಾಳಿಯ ತಾಕೀತು. "ಈ ದುಡ್ಡಿಗೆ ಇಲ್ಲಿ ಖೋಲಿಯ ಬಾಗಿಲೂ ಬರುವುದಿಲ್ಲ ಧಣಿ, ತೆಗೆದುಕೊಳ್ಳಲೇ?" ಎಂದು ಕೇಳಿದರು.

ಊರಿನಲ್ಲೊಂದು ಸೂರು ಇರಬೇಕೆಂಬ ಆಸೆ ನಮ್ಮವರಲ್ಲಿ ಯಾರಿಗಿಲ್ಲ? ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಅರ್ಧ ಬೆಲೆಗೆ ಟೊಮೇಟೊ ಬಂದರೆ ನಾವು ಮೊದಲು ಬುಟ್ಟಿಯ ತಳವನ್ನು ನೋಡುತ್ತಿದ್ದೆವು. ಸುತ್ತಲಿನವರು ಇಪ್ಪತ್ತು ಲಕ್ಷಕ್ಕೂ ಬಿಡದ ಜಾಗವನ್ನು ಇವನೊಬ್ಬ ಏಳಕ್ಕೆ ಏಕೆ ಬಿಡುತ್ತಾನೆ? ಈ ಪ್ರಶ್ನೆಗೆ ಉತ್ತರ ಸಿಗುವ ತನಕ ಮುಂಗಡದ ಮಾತೇ ಸಲ್ಲದು.

ಉತ್ತರವು ಮಾಡಿನಲ್ಲಿದ್ದರೆ ನಮಗೆ ಭಯವಿಲ್ಲ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ಎರಡು ಮಳೆಗಾಲ ಜನವಾಸವಿಲ್ಲದೆ ಬಿದ್ದ ಮನೆಯ ಪಕ್ಕಾಸು ರೀಪುಗಳು ಒರಲೆಯ ಪಾಲಾಗುವುದು, ಕೆಂಪುಕಲ್ಲಿನ ಗೋಡೆ ನೀರು ಕುಡಿದು ಜರಿಯುವುದು ಸಹಜ. ಒಳ್ಳೆಯ ಬಡಗಿಯೊಬ್ಬನನ್ನು ಕರೆದೊಯ್ದು ಖರ್ಚಿನ ಅಂದಾಜು ಮಾಡಿಸಿ ಕ್ರಯಕ್ಕೆ ಸೇರಿಸಿ ನೋಡಿದರಾಯಿತು. ದುಡ್ಡಿನಿಂದ ಸರಿಪಡಿಸಬಹುದಾದ ದೋಷವು ದೋಷವೇ ಅಲ್ಲ.

ಜಾಗದಲ್ಲಿ ಮತ್ತು ರುಜುಗಳಲ್ಲಿ ಅಡಗಿದ ದೋಷವೇ ಬೇರೆ. ಆ ಕಾಗದದಲ್ಲಿ ಐವತ್ತು ಸೆಂಟ್ಸು ಎಂದಿತ್ತು. ಜತೆಗಿದ್ದ ಪಹಣಿಯಲ್ಲಿ ಕಂಡದ್ದು ಹದಿನೆಂಟು ಮಾತ್ರ! ಉಳಿದದ್ದು ಕುಮ್ಕಿಯಂತೆ. ಕುಮ್ಕಿಯೆಂದರೆ ಸರ್ಕಾರದ ಭೂಮಿ. ಪಕ್ಕದ ವರ್ಗದಾರನಿಗೆ ಅದರಲ್ಲಿ ಸೊಪ್ಪು ಸೌದೆಗಳ ಸವಲತ್ತು ಉಂಟೇ ಹೊರತು ಮಾರುವ ಹಕ್ಕಿಲ್ಲ. ಹನ್ನೆರಡು ತೆಂಗಿನ ಮರಗಳಲ್ಲಿ ಎಷ್ಟು ಯಾವ ಕಡೆಗಿವೆಯೆಂದು ನಮ್ಮ ಓದುಗರು ಕೇಳಿರಲಿಲ್ಲ.

ಮಾರುವವನ ತಂದೆಗೆ ಈ ಭೂಮಿ 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಮೂಲಕ ಬಂದದ್ದು. ಕಾಗದ ಒಬ್ಬನ ಹೆಸರಿನಲ್ಲಿದ್ದರೂ ಗೇಣಿ ಕುಟುಂಬದ್ದಾಗಿದ್ದರೆ ಹಕ್ಕು ಕುಟುಂಬಕ್ಕೇ ಸಲ್ಲತಕ್ಕದ್ದು. ಅಂದ ಮೇಲೆ ಅಣ್ಣತಮ್ಮಂದಿರೆಲ್ಲಿ, ಅವರ ಮಕ್ಕಳೆಲ್ಲಿ? 2005ರ ತಿದ್ದುಪಡಿಯಾದ ಬಳಿಕ ಹೆಣ್ಣುಮಕ್ಕಳೂ ಕುಟುಂಬದ ಆಸ್ತಿಯಲ್ಲಿ ಸಮಾನ ಪಾಲುದಾರರು. ಅಳಿಯಸಂತಾನದ ಮನೆತನವಾದರೆ ಪಾಲುದಾರರ ಲೆಕ್ಕ ಇನ್ನೂ ಉದ್ದವಾದೀತು. ಪುಣೆಯಲ್ಲಿರುವ ಒಬ್ಬ ತಂಗಿಯ ರುಜು ತಪ್ಪಿದರೂ ಸಾಕು, ಹತ್ತು ವರ್ಷ ಕೋರ್ಟಿಗೆ ಅಲೆಯಬೇಕಾದೀತು.

ಋಣಭಾರ ಪತ್ರ ಶುದ್ಧವಾಗಿದೆಯೆಂದು ದಲ್ಲಾಳಿ ಧೈರ್ಯ ಹೇಳಿದನಂತೆ. ಆ ಪತ್ರದಲ್ಲಿ ಕಾಣುವುದು ನೋಂದಣಿಯಾದ ದಸ್ತೈವಜುಗಳು ಮಾತ್ರ. ಬಾಯಿಮಾತಿನ ಪಾಲುಪಟ್ಟಿ, ತಂಗಿಯ ಮುನಿಸು ಅದರಲ್ಲಿ ಕಾಣಿಸವು. ಪಂಚಾಯತು ತೆರಿಗೆಯ ರಸೀದಿಯೂ ಒಡೆತನದ ಪತ್ರವಲ್ಲ. ಇನ್ನು ಮುಖ್ತ್ಯಾರುನಾಮೆ ಬರೆಸಿಕೊಂಡು ಹಣ ಕೊಟ್ಟರೆ ಸಾಕೆಂಬ ಸಲಹೆಯಂತೂ ಕೇಳತಕ್ಕದ್ದೇ ಅಲ್ಲ. ಅಂಥ ವ್ಯವಹಾರದಿಂದ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಸ್ಪಷ್ಟಪಡಿಸಿದೆ.

ದಾರಿಯ ವಿಷಯದಲ್ಲಿ ನಾವೇ ಒಮ್ಮೆ ಮೋಸಹೋದವರು. ನೆರೆಯವರ ಗದ್ದೆಯ ಅಂಚಿನಲ್ಲಿ ರಿಕ್ಷಾ ಬರುತ್ತಿತ್ತು. ಅದೇ ದಾರಿಯೆಂದು ನಂಬಿ ಜಾಗ ಕೊಂಡೆವು. ಹಿರಿಯರು ತೀರಿಕೊಂಡ ಮರುವರ್ಷ ಮಗ ಬೇಲಿ ಹಾಕಿದ. ನಮ್ಮ ಕ್ರಯಪತ್ರದಲ್ಲಿ ದಾರಿಯ ಬಗ್ಗೆ ಒಂದಕ್ಷರವಿರಲಿಲ್ಲ. ಹುಡುಗನನ್ನು ದೂರಿ ಫಲವೇನು? ನಾವು ಕೇಳಿರಲಿಲ್ಲ, ಅಷ್ಟೆ. ಕೊನೆಗೆ ಕೊಂಡ ಬೆಲೆಗೂ ಕಡಮೆಗೆ ಅವರಿಗೇ ಬಿಟ್ಟುಕೊಟ್ಟೆವು.

ನಮ್ಮವರು ಊರಿಗೆ ಹೋಗುವುದು ಮದುವೆಗೋ ಕೋಲಕ್ಕೋ, ಎಂಟು ದಿನದ ರಜೆಯಲ್ಲಿ. ಡಿಸೆಂಬರಿನಲ್ಲಿ ಬಾವಿ ತುಂಬಿರುತ್ತದೆ, ಮಾಡು ಸೋರುವುದಿಲ್ಲ, ಎಲ್ಲವೂ ಚೆಂದ. ಮುಂಬಯಿಯವನಿಗೆ ತುರ್ತು ಹೆಚ್ಚು, ವಿಚಾರಿಸಲು ಪುರುಸೊತ್ತು ಕಡಮೆ ಎಂಬುದು ದಲ್ಲಾಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಜಾಗದಲ್ಲಿ ನಾಗಬನವಿದ್ದರೆ ಅದರ ತನು ತಂಬಿಲಗಳ ಹೊಣೆ ಯಾರದೆಂಬುದನ್ನು ಸಹ ಆ ಎಂಟು ದಿನಗಳಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಕೊಳ್ಳಬೇಡಿರೆಂದು ನಾವು ಹೇಳಲಿಲ್ಲ. ಹದಿನೆಂಟು ಸೆಂಟ್ಸಿಗೆ ಏಳು ಲಕ್ಷ ನ್ಯಾಯವಾದ ಬೆಲೆಯೇ ಇರಬಹುದು. ಆದರೆ ಅದನ್ನು ಅಗ್ಗವೆನ್ನುವಂತಿಲ್ಲ. ಸರ್ವೆಯವನಿಂದ ಗಡಿ ಅಳೆಯಿಸಿ, ಕುಂದಾಪುರದಲ್ಲಿ ತಮಗೆ ಪರಿಚಯವಿರುವ ವಕೀಲರಿಗೆ (ದಲ್ಲಾಳಿ ತೋರಿಸಿದವರಿಗಲ್ಲ) ಮೂಲಪತ್ರಗಳನ್ನು ತೋರಿಸಿ, ಪಾಲುದಾರರೆಲ್ಲರೂ ಕ್ರಯಪತ್ರಕ್ಕೆ ರುಜು ಹಾಕುವುದಾದರೆ ಮಾತ್ರ ಮುಂದುವರಿಯಿರಿ ಎಂದೆವು. ಇಪ್ಪತ್ತಾರು ವರ್ಷದ ಪ್ರಾವಿಡೆಂಟ್ ಫಂಡು ಎರಡನೆಯ ಸಲ ಸಿಗುವಂಥದಲ್ಲ.

ಮುಂಗಡ ಕೊಡದೆ ಅವರು ಏಪ್ರಿಲ್ ಕೊನೆಗೆ ರಜೆ ಕೇಳಿದ್ದಾರೆ. ಬಾವಿಯ ಆಳ ನೋಡಲು ಹಗ್ಗ ಒಯ್ಯುವೆನೆಂದು ನಿನ್ನೆ ಫೋನಿನಲ್ಲಿ ತಿಳಿಸಿದರು.