ನರಕಾಗ್ನಿಯೂ ಮಕ್ಕಳ ಉಪದೇಶವೂ

ನಮ್ಮ ಬೋರ್ಡಿಂಗಿನ ಹತ್ತು ವರುಷದ ಬಾಲಿಕೆಯೊಬ್ಬಳು ಒಂದು ರಾತ್ರಿ ನಿದ್ರೆಮಾಡದೆ ಕುಳಿತಿದ್ದಳು. ವಿಚಾರಿಸಲಾಗಿ, “ದೀಕ್ಷಾಸ್ನಾನವಿಲ್ಲದೆ ತೀರಿಹೋದ ನಮ್ಮ ಅಜ್ಜಿ ಈಗ ಬೆಂಕಿಯಲ್ಲಿದ್ದಾರೆಯೇ, ಟೀಚರಮ್ಮಾ?” ಎಂದಳು. ಅದೇ ವಾರ ನಿತ್ಯದಂಡನೆಯ ಪಾಠವನ್ನು ಹೇಳಿದವರು ನಾವೇ. “ದೇವರೇ ಬಲ್ಲನು, ಮಲಗಿಕೋ” ಎಂದು ಹೇಳಿ ದೀಪವನ್ನು ಆರಿಸಿದೆವು.

ಇಂಥ ಭೀತಿಗೆಲ್ಲ ಪುರಾತನ ಸಭಾಪಿತೃಗಳೇ ಕಾರಣರೆಂದು ಕೆಲವರು ಹೇಳುವುದುಂಟು. ಅದು ಅರೆಸತ್ಯವು. ಅಗಸ್ತೀನನು 426ರ ಸುಮಾರಿಗೆ ಮುಗಿಸಿದ ‘ದೇವರ ಪಟ್ಟಣ’ದ 21ನೆಯ ಭಾಗದಲ್ಲಿ ದಂಡನೆಗೆ ಅಂತ್ಯವಿಲ್ಲವೆಂದು ಸಾಧಿಸಿದನು, ನಿಜ, ಆದರೆ ಅಂತ್ಯವುಂಟೆಂದು ನಂಬಿದ ದಯಾಳುಗಳಾದ ಸ್ವಮತೀಯರೊಡನೆ ಶಾಂತವಾಗಿಯೇ ವಾದಿಸಬೇಕೆಂದೂ ಅಲ್ಲಿಯೇ ಬರೆದನು. ಹತ್ತೊಂಬತ್ತನೆಯ ಶತಮಾನದ ಜಾನ್ ಫರ್ನಿಸ್ ಎಂಬ ಆಂಗ್ಲ ಪಾದ್ರಿಯಾದರೋ, ಕಾದು ಕೆಂಪಾದ ಒಲೆಯೊಳಗೆ ಹೊರಳಾಡುವ ಮಗುವನ್ನು ವರ್ಣಿಸಿ, ಆ ಪುಸ್ತಕವನ್ನು ಮಕ್ಕಳಿಗಾಗಿಯೇ ಅಚ್ಚುಹಾಕಿಸಿದನು. ಇದನ್ನು ಉಪದೇಶವೆಂದು ಕರೆಯಲು ನಮಗೆ ಬಾಯಿ ಬಾರದು.

ಹೆಣ್ಣುಮಕ್ಕಳ ಶಾಲೆಯಲ್ಲಿ ತಿಳಿದಿರತಕ್ಕ ಹೆಸರು ಬೇರೊಂದುಂಟು. 379ರ ಸುಮಾರಿಗೆ ನಿಸ್ಸಾದ ಗ್ರೆಗೊರಿ ಬಿಷಪನು, ಅಣ್ಣನಾದ ಬಸಿಲನ ಮರಣದಿಂದ ಕುಗ್ಗಿ, ಅಕ್ಕನಾದ ಮಕ್ರೀನಳನ್ನು ಕಾಣಹೋದನು. ಆಕೆಯೂ ಹಲಗೆಯ ಮೇಲೆ ಮರಣಶಯ್ಯೆಯಲ್ಲಿದ್ದಳು. ಆತ್ಮವನ್ನೂ ಪುನರುತ್ಥಾನವನ್ನೂ ಕುರಿತು ಅವರಿಗಾದ ಸಂಭಾಷಣೆಯನ್ನು ಆತನು ಗ್ರಂಥವಾಗಿ ಬರೆದು, ಅದರಲ್ಲಿ ಅಕ್ಕನನ್ನು ಗುರುವೆಂದೇ ಕರೆದಿದ್ದಾನೆ. ಕಲ್ಮಷ ಬೆರೆತ ಚಿನ್ನವನ್ನು ಅಕ್ಕಸಾಲಿಗನು ಪುಟವಿಡುವಂತೆ ದೇವರು ಕೆಟ್ಟತನವನ್ನು ಸುಡುವನು. ಕೆಟ್ಟತನವೆಷ್ಟೋ ನೋವೂ ಅಷ್ಟೇ. ಸುಡುವವನ ಉದ್ದೇಶವು ಚಿನ್ನವನ್ನು ಉಳಿಸುವುದೇ ಎಂಬುದು ಆಕೆಯ ಬೋಧೆ. ಬೆಂಕಿಯೇ ಇಲ್ಲವೆಂದು ಆಕೆ ಹೇಳಲಿಲ್ಲ, ಗಮನಿಸಿರಿ.

ಪಾಶ್ಚಾತ್ಯ ಸಭೆಯು ಬಹುಮಟ್ಟಿಗೆ ಅಗಸ್ತೀನನ ಮಾರ್ಗವನ್ನೇ ಹಿಡಿಯಿತು. ಆದಾಗ್ಯೂ ಗ್ರೆಗೊರಿಯೂ ಮಕ್ರೀನಳೂ ಇಂದಿಗೂ ಸಂತರೆಂದು ಎಣಿಸಲ್ಪಡುತ್ತಾರೆ. ಹಿರಿಯರೇ ಒಮ್ಮತವಾಗದ ವಿಷಯದಲ್ಲಿ ನಾವು ಎಳೆಯ ಮಕ್ಕಳ ಮುಂದೆ ತೀರ್ಪುಗಾರರಾಗಿ ಕುಳಿತುಕೊಳ್ಳುವುದು ಅಹಂಕಾರವೆಂದೇ ನಮ್ಮ ಅಭಿಪ್ರಾಯ.

ನರಕದ ಭಯವಿಲ್ಲದಿದ್ದರೆ ಹುಡುಗಿಯರು ಹತೋಟಿಗೆ ಬಾರರೆಂದು ಪೋಷಕರಲ್ಲಿ ಕೆಲವರು ನಮಗೆ ಹೇಳಿದ್ದಾರೆ. ಭಯದಿಂದ ಸುಳ್ಳನ್ನು ಬಿಟ್ಟವಳಿಗಿಂತ ಸುಳ್ಳನ್ನು ಜಾಣತನದಿಂದ ಅಡಗಿಸಲು ಕಲಿತವಳನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ.

ಆ ಬಾಲಿಕೆ ಈಗ ತಾಯಿಯಾಗಿರಬಹುದು. ಈ ಸಂಚಿಕೆಯು ಆಕೆಯ ಕೈಸೇರಿದರೆ, ಅಂದಿನ ರಾತ್ರಿ ಅಕ್ಕಸಾಲಿಗನ ಮಾತನ್ನು ಹೇಳಿ, ನಿದ್ರೆ ಬರುವ ತನಕ ನಾವು ಅವಳ ಬಳಿ ಕುಳಿತಿರಬೇಕಾಗಿತ್ತೆಂದು ತಿಳಿಯಲಿ.