ನೌಕಾಯಾತ್ರೆಯೂ ದೊಡ್ಡ ಮಸೂರವೂ

ಯಾತ್ರೆಗೆ ಹೊರಡುವವನು ಏನನ್ನು ಕೊಂಡೊಯ್ಯಬೇಕೆಂದು ಯೋಚಿಸುವುದಕ್ಕೆ ಮೊದಲು ಏನನ್ನು ಮನೆಯಲ್ಲಿಯೇ ಬಿಟ್ಟುಹೋಗಬಹುದೆಂದು ಯೋಚಿಸತಕ್ಕುದೆಂದು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಬುತ್ತಿಯ ಗಂಟು, ಒಂದು ಚೊಂಬು, ಹೊದೆಯಲೊಂದು ಕಂಬಳಿ, ಇಷ್ಟಿದ್ದರೆ ಅವರಿಗೆ ಕಾಶಿಯವರೆಗೂ ಸಾಗುತ್ತಿತ್ತು. ಈಗ ಆ ಗಂಟಿನ ಸ್ಥಾನವನ್ನು ಕ್ಯಾಮರಾದ ಚೀಲವು ಆಕ್ರಮಿಸಿಕೊಂಡಿದೆ. ಚಿತ್ರ ತೆಗೆಯುವುದು ತಪ್ಪೆಂದು ನಾವು ಹೇಳುವವರಲ್ಲ. ಕಂಡ ಚೆಲುವನ್ನು ಮನೆಯಲ್ಲಿ ಉಳಿದವರಿಗೂ ತೋರಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಎಷ್ಟು ಭಾರವನ್ನು ಹೊತ್ತರೆ ಎಷ್ಟು ಫಲವೆಂಬ ಲೆಕ್ಕ ಗೃಹಸ್ಥರಿಗೆ ತಿಳಿದಿರಬೇಕು. ಈ ತಿಂಗಳು ಆ ಲೆಕ್ಕವನ್ನೇ ವಾಚಕರ ಮುಂದಿಡುತ್ತೇವೆ.

ಪ್ರಸಂಗವೇನೆಂದರೆ, ನಮ್ಮ ಕಬ್ಬಾಳಿನ ಒಂದು ಮನೆಯವರು ಬರುವ ಚಳಿಗಾಲದಲ್ಲಿ ಮುಂಬಯಿಯಿಂದ ಹಡಗು ಹತ್ತಿ ಲಕ್ಷದ್ವೀಪಕ್ಕೆ ಹೋಗಿಬರಬೇಕೆಂದು ನಿಶ್ಚಯಿಸಿದ್ದಾರೆ. ೨೦೨೧ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಎಂಬ ಸಂಸ್ಥೆಯ ವಿಹಾರನೌಕೆಯು ಮುಂಬಯಿಯಿಂದ ಸಂಚಾರವನ್ನು ಆರಂಭಿಸಿದಂದಿನಿಂದ ಇಂತಹ ಯಾತ್ರೆಯ ಮಾತು ನಮ್ಮ ಕಡೆಯ ಮನೆಗಳಲ್ಲಿಯೂ ಕೇಳಬರುತ್ತಿದೆ. ಹೊರಟವರು ನಾಲ್ವರು: ಸಮುದ್ರವನ್ನು ಇದುವರೆಗೆ ಕಾಣದ ವೃದ್ಧೆಯಾದ ಅಜ್ಜಿ, ಆಕೆಯ ಮಗ, ಸೊಸೆ, ಮತ್ತು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗ. ಈ ಮೊಮ್ಮಗನು ನಮ್ಮಲ್ಲಿ ಓದಿದವನು. ಹಲವು ವರ್ಷಗಳ ಸಂಬಳದಲ್ಲಿ ಉಳಿಸಿ, ಬೇರೊಬ್ಬರು ಬಳಸಿದ ೬೦೦ ಮಿಲಿಮೀಟರಿನ ದೊಡ್ಡ ಲೆನ್ಸೊಂದನ್ನು ಕೊಂಡಿದ್ದಾನೆ. ರಾಮದೇವರ ಬೆಟ್ಟದ ರಣಹದ್ದುಗಳ ಚಿತ್ರಗಳನ್ನು ಅದರಿಂದ ಬಹಳ ಚೆನ್ನಾಗಿ ತೆಗೆದಿದ್ದಾನೆ. ಅದನ್ನು ಹಡಗಿಗೂ ಒಯ್ಯಬೇಕೆಂದು ಅವನ ಹಟ, ಕೂಡದೆಂದು ತಂದೆಯ ಹಟ. ಮಾತು ಬೆಳೆದು, ಯಾತ್ರೆಯೇ ನಿಂತುಹೋಗುವುದೋ ಎಂಬ ಸ್ಥಿತಿಗೆ ಬಂದುದರಿಂದ ಇಬ್ಬರೂ ಕೂಡಿ ನಮ್ಮ ಅಭಿಪ್ರಾಯವನ್ನು ಕೇಳಿದರು. ನಾವು ಹೇಳಿದುದು ಇತರ ಮನೆಗಳಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತೇವೆ.

ಮೊದಲು ಪದಾರ್ಥದ ವಿಚಾರ. ಲೆನ್ಸೆಂಬುದಕ್ಕೆ ನಮ್ಮ ಪಾಠಪುಸ್ತಕಗಳಲ್ಲಿ ಮಸೂರವೆಂದು ಹೆಸರು. ಸಂಸ್ಕೃತದಲ್ಲಿ ಮಸೂರವೆಂದರೆ ನಮ್ಮ ಅಡಿಗೆಮನೆಯ ಚನ್ನಂಗಿ. ಎರಡು ಕಡೆಯೂ ಉಬ್ಬಿದ ಗಾಜಿನ ಬಿಲ್ಲೆಯು ಆ ಕಾಳಿನ ಆಕಾರದಲ್ಲಿರುವುದರಿಂದ ಈ ಹೆಸರು ಬಂತು. ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂದರೂ ಅದೇ ಕಾಳು. ಹೆಸರು ಕಾಳಿನದಾದರೂ ಭಾರ ಕಾಳಿನದಲ್ಲ. ೫೦ ಮಿಲಿಮೀಟರಿನ ಮಸೂರವು ಸುಮಾರಾಗಿ ನಮ್ಮ ಕಣ್ಣಿಗೆ ಕಾಣುವ ಪ್ರಮಾಣದಲ್ಲಿಯೇ ವಸ್ತುವನ್ನು ತೋರಿಸುತ್ತದೆಂದು ಇಟ್ಟುಕೊಂಡರೆ, ೬೦೦ ಮಿಲಿಮೀಟರಿನದು ಅದಕ್ಕಿಂತ ಹನ್ನೆರಡು ಪಾಲು ದೊಡ್ಡದಾಗಿ ತೋರಿಸುತ್ತದೆ. ಬೆಳಕು ಸಾಕಷ್ಟು ಒಳಗೆ ಬರಬೇಕಾದರೆ ಅದರ ಬಾಯಿಯೂ ಅಗಲವಾಗಿರಬೇಕು. ನಾಲ್ಕನೆಯ ಅಂಕದ ದ್ವಾರವೆಂದರೆ ೬೦೦ನ್ನು ನಾಲ್ಕರಿಂದ ಭಾಗಿಸಿ ಬಂದ ೧೫೦ ಮಿಲಿಮೀಟರು, ಅಂದರೆ ಸುಮಾರು ಆರು ಅಂಗುಲ. ಅಷ್ಟಗಲದ ಗಾಜುಗಳನ್ನು ಒಂದು ಕೊಳವೆಯಲ್ಲಿ ಸಾಲಾಗಿ ಕೂರಿಸಿದರೆ ತೂಕವೆಷ್ಟಾಗಬೇಕು? ಇಂತಹವುಗಳಲ್ಲಿ ಹಳೆಯವು ಐದು ಕಿಲೋಗ್ರಾಂ ಮೀರುವುದುಂಟು. ಹೊಸವು ಮೂರು ಕಿಲೋಗ್ರಾಮಿನಷ್ಟಿವೆ, ಆದರೆ ಬೆಲೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಏಳು ಕಿಲೋಗ್ರಾಮಿನ ಮಿತಿ. ಮುಂಬಯಿಗೆ ವಿಮಾನದಲ್ಲಿ ಹೋಗುವುದಾದರೆ ಹಳೆಯ ಮಸೂರ, ಕ್ಯಾಮರಾ, ಚೀಲ ಇಷ್ಟಕ್ಕೇ ಮಿತಿ ಮುಗಿಯಿತು.

ಇನ್ನು ಹುಡುಗನ ಪೂರ್ವಪಕ್ಷ. "ಸಮುದ್ರಯಾನ ಜನ್ಮಕ್ಕೊಂದು ಸಾರಿ. ಡಾಲ್ಫಿನುಗಳು ಹಾರಬಹುದು, ಕಡಲಹಕ್ಕಿಗಳು ಬರಬಹುದು. ಆಗ ಕೈಯಲ್ಲಿ ಮಸೂರವಿಲ್ಲದಿದ್ದರೆ ಪಶ್ಚಾತ್ತಾಪ ತಪ್ಪದು." ಇದು ಹುರುಳಿಲ್ಲದ ಮಾತಲ್ಲ. ಕವರತ್ತಿಯ ಬಳಿಯ ಪಿಟ್ಟಿ ಎಂಬ ಮರಳದಿಬ್ಬದಲ್ಲಿ ಕಡಲಹಕ್ಕಿಗಳು ಗುಂಪಾಗಿ ಮರಿಮಾಡುವುದು ಪ್ರಸಿದ್ಧವಾಗಿದೆ. ಆದರೂ ನಮ್ಮ ಸಮಾಧಾನ ಬೇರೆ.

ಮೊದಲನೆಯದು, ರಾಮದೇವರ ಬೆಟ್ಟಕ್ಕೂ ಹಡಗಿಗೂ ಇರುವ ಭೇದ. ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ಆ ಬೆಟ್ಟದಲ್ಲಿ ಹಕ್ಕಿಯು ಕಡಿದಾದ ಬಂಡೆಯ ಸಂದಿನಲ್ಲಿ ಕುಳಿತಿರುತ್ತದೆ, ಚಿತ್ರಗಾರನು ದೂರದಲ್ಲಿ ಗಟ್ಟಿ ನೆಲದ ಮೇಲೆ ಮೂರು ಕಾಲಿನ ಸ್ಟ್ಯಾಂಡನ್ನೂರಿ ಗಂಟೆಗಟ್ಟಲೆ ಕಾಯುತ್ತಾನೆ. ಹತ್ತಿರ ಹೋದರೆ ಹಕ್ಕಿಗೆ ತೊಂದರೆ, ಆದುದರಿಂದ ಅಲ್ಲಿ ದೊಡ್ಡ ಮಸೂರವೇ ಸರಿ. ಹಡಗಿನಲ್ಲಿ ನೆಲವೇ ನಡೆಯುತ್ತಿರುತ್ತದೆ. ಯಂತ್ರದ ನಡುಕವು ಸ್ಟ್ಯಾಂಡಿನ ಕಾಲುಗಳ ಮೂಲಕ ಮೇಲೇರುತ್ತದೆ. ವಸ್ತುವನ್ನು ಹನ್ನೆರಡು ಪಾಲು ಹಿಗ್ಗಿಸುವ ಮಸೂರವು ನಡುಕವನ್ನೂ ಹನ್ನೆರಡು ಪಾಲು ಹಿಗ್ಗಿಸುತ್ತದೆಂಬುದನ್ನು ಮರೆಯಬಾರದು.

ಎರಡನೆಯದು, ನೀರಿನ ಮೇಲಣ ಗಾಳಿ. ಬೇಸಗೆಯಲ್ಲಿ ಕಾದ ರಸ್ತೆಯ ಮೇಲೆ ದೂರದ ಬಂಡಿ ನಡುಗುತ್ತಿರುವಂತೆ ಕಾಣುವುದಷ್ಟೆ? ನೀರಿಗೂ ಗಾಳಿಗೂ ಬಿಸಿ ಬೇರೆಬೇರೆಯಾಗಿರುವಾಗ ಸಮುದ್ರದ ಮೇಲೆಯೂ ಹಾಗೆಯೇ ಆಗುತ್ತದೆ, ಅದರೊಡನೆ ತೇವದ ಮಬ್ಬೂ ಕೂಡಿಕೊಳ್ಳುತ್ತದೆ. ಬಹುದೂರದ ವಸ್ತುವನ್ನು ಎಂತಹ ಬೆಲೆಯ ಮಸೂರದಿಂದ ಎಳೆದುತಂದರೂ ನಡುವಣ ಆ ಗಾಳಿಯೆಲ್ಲವೂ ಚಿತ್ರದೊಳಕ್ಕೆ ಬಂದೇ ಬರುತ್ತದೆ.

ಮೂರನೆಯದು, ದ್ವೀಪಕ್ಕೆ ಇಳಿಯುವ ರೀತಿ. ಹವಳದ ದಿಬ್ಬಗಳ ನಡುವೆ ನೀರು ಆಳವಿಲ್ಲದುದರಿಂದ ದೊಡ್ಡ ಹಡಗು ಹೊರಗಡೆಯೇ ನಿಲ್ಲುತ್ತದೆ, ಜನರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತಾರೆ. ಅಲೆಗೆ ಏರಿಳಿಯುವ ದೋಣಿಗೆ ಹಡಗಿನಿಂದ ಹೆಜ್ಜೆಯಿಡುವಾಗ ಎರಡು ಕೈಗಳೂ ಬಿಡುವಾಗಿರಬೇಕು. ನಮ್ಮ ತಾಲ್ಲೂಕಿನ ಸಂಗಮದಲ್ಲಿ, ಅರ್ಕಾವತಿಯು ಕಾವೇರಿಯನ್ನು ಕೂಡುವೆಡೆ, ಹರಿಗೋಲಿನಲ್ಲಿ ಹೊಳೆ ದಾಟಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಭಾರವೆಲ್ಲವೂ ತಳದಲ್ಲಿರಬೇಕು, ಬೆನ್ನಿನ ಮೇಲಲ್ಲ. ಈ ಮಾತು ಬಂದಾಗ ಅಜ್ಜಿ ಕೇಳಿದುದನ್ನು ಆಕೆಯ ಮಾತಿನಲ್ಲಿಯೇ ಬರೆಯುತ್ತೇವೆ: "ಅಲ್ಲ ಕಣಪ್ಪ, ನಿನ್ನ ಎಲ್ಡ್ ಕೈನೂ ಆ ಕೊಳವೇಲೇ ಇದ್ರೆ ನನ್ನ ಕೈ ಹಿಡ್ಕೊಳ್ಳೋರು ಯಾರು?" ಹುಡುಗನು ಇದಕ್ಕೆ ಉತ್ತರ ಹೇಳಲಿಲ್ಲ.

ನಾಲ್ಕನೆಯದು ನಮ್ಮ ಮತದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಈ ಬಗೆಯ ಮಸೂರವು ನಾಲ್ಕು ಗಜಕ್ಕಿಂತ ಹತ್ತಿರವಿರುವ ವಸ್ತುವನ್ನು ಸ್ಪಷ್ಟವಾಗಿ ಹಿಡಿಯಲಾರದು. ಹರಿದಾರಿಯಾಚೆಯ ಹಕ್ಕಿಗೆ ಕಣ್ಣಿಟ್ಟು ಕಾಯುವವನ ಪಕ್ಕದಲ್ಲಿಯೇ, ಕಟಕಟೆ ಹಿಡಿದು, ಕಡಲಿನಲ್ಲಿ ಸೂರ್ಯ ಮುಳುಗುವುದನ್ನು ಮೊದಲ ಸಾರಿ ನೋಡುತ್ತಿರುವ ಅಜ್ಜಿಯ ಮುಖವಿರುತ್ತದೆ. ಅದನ್ನು ತೆಗೆಯಲು ಆ ಯಂತ್ರದಿಂದ ಆಗದು. ಈ ಯಾತ್ರೆಯಲ್ಲಿ ಮತ್ತೆ ದೊರೆಯದ ದೃಶ್ಯ ಯಾವುದೆಂಬುದನ್ನು ಅವನೇ ತೂಗಿ ನೋಡಲೆಂದು ಹೇಳಿದೆವು.

ಹಾಗಾದರೆ ದೊಡ್ಡ ಮಸೂರವು ನೀರಿನ ಮೇಲೆ ಎಲ್ಲಿಯೂ ಸಲ್ಲದೋ ಎಂದರೆ, ಹಾಗಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಊರಿನಿಂದ ಬಂದ ತಾಯ್ತಂದೆಯರನ್ನು ಸಿಯಾಟಲಿನಿಂದ ಅಲಾಸ್ಕಕ್ಕೆ ಹಡಗಿನಲ್ಲಿ ಕರೆದೊಯ್ಯುವುದುಂಟು. ಅಲ್ಲಿ ಗೂನುಬೆನ್ನಿನ ತಿಮಿಂಗಿಲಗಳಿಗೆ ನೂರು ಗಜಕ್ಕಿಂತ ಸಮೀಪ ದೋಣಿಯನ್ನೊಯ್ಯಬಾರದೆಂದು ಸರ್ಕಾರದ ನಿಬಂಧನೆಯಿದೆ. ಆದಕಾರಣ ದೂರವನ್ನು ಹತ್ತಿರ ತರುವ ಮಸೂರ ಅಲ್ಲಿ ಬೇಕು. ಆದರೆ ಅಲ್ಲಿಯೂ ೧೦೦ರಿಂದ ೪೦೦ ಮಿಲಿಮೀಟರಿನವರೆಗೆ ಹಿಗ್ಗಿಸಿ ಕುಗ್ಗಿಸಬಹುದಾದ ಮಸೂರವೇ ಬಹುಮಂದಿಗೆ ಸಾಕು. ಅದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಬಾಯಿ ಕಿರಿದಾದುದರಿಂದ ಬೆಳಕು ಕಡಿಮೆ ಬರುವುದು ನಿಜ. ಆದರೆ ಹಗಲಿನ ಕಡಲಿನಲ್ಲಿ ಬೆಳಕಿಗೆ ಬಡತನವಿಲ್ಲ, ಈಗಿನ ಕ್ಯಾಮರಾಗಳು ಅಲ್ಪ ಬೆಳಕಿನಲ್ಲಿಯೂ ಚೆನ್ನಾಗಿ ಕೆಲಸ ಮಾಡುತ್ತವೆ. ೧೯೪೦ರಲ್ಲಿ ಪಕ್ಷಿಧಾಮವಾದ ನಮ್ಮ ರಂಗನತಿಟ್ಟಿನಲ್ಲಿ ದೋಣಿಯು ಹಕ್ಕಿಗಳ ಸಮೀಪಕ್ಕೇ ಹೋಗುವುದರಿಂದ ಅಲ್ಲಿಗೂ ಇಷ್ಟೇ ಸಾಕು. ಹೊರಡುವ ಮೊದಲು ಅಲ್ಲೊಂದು ಬೆಳಗ್ಗೆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಭಾರವನ್ನು ಹೊತ್ತು ಕೀರ್ತಿ ಪಡೆದವರೂ ಇದ್ದಾರೆ. ೧೯೪೦ರ ದಶಕದಲ್ಲಿ ಸಂಡೂರು ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದ ಎಂ. ಕೃಷ್ಣನ್ ಅವರು, ಬೇರೆಬೇರೆ ಕ್ಯಾಮರಾಗಳ ಭಾಗಗಳನ್ನು ಕೂಡಿಸಿ ತಾವೇ ಒಂದು ಭಾರಿಯ ಯಂತ್ರವನ್ನು ಜೋಡಿಸಿಕೊಂಡು, ಅದಕ್ಕೆ ವಿನೋದವಾಗಿ 'ಸೂಪರ್ ಪಾಂಡರೋಸಾ' ಎಂದು ಹೆಸರಿಟ್ಟು, ಅದರಿಂದ ಕಾಡಾನೆಗಳ ಚಿತ್ರಗಳನ್ನು ತೆಗೆದರು. ಆದರೆ ಅವರು ಕಾಡಿಗೆ ಹೋದುದೇ ಆ ಕಾರ್ಯಕ್ಕಾಗಿ. ಮನೆಮಂದಿಯೊಡನೆ ಹೋಗುವ ಯಾತ್ರೆಯ ಉದ್ದೇಶವೇ ಬೇರೆ, ಅದರ ಸಾಮಗ್ರಿಯೂ ಬೇರೆ.

ಕೊಂಡೊಯ್ದುದನ್ನು ಕಾಪಾಡುವ ಬಗೆಯನ್ನೂ ತಿಳಿದಿರಬೇಕು. ಬೇಸಗೆಯಲ್ಲಿ ತಣ್ಣೀರಿನ ಚೊಂಬಿನ ಹೊರಮೈ ಬೆವರುವಂತೆ, ತಣ್ಣಗೆ ಮಾಡಿದ ಹಡಗಿನ ಕೋಣೆಯಿಂದ ಹೊರಗಿನ ಸೆಕೆಗೆ ಬಂದ ಮಸೂರವು ಒಡನೆಯೇ ಮಂಜುಕಟ್ಟುತ್ತದೆ. ಅದನ್ನು ಮುಚ್ಚಿದ ಚೀಲದಲ್ಲಿಯೇ ಅರ್ಧ ಗಂಟೆ ಮೊದಲು ಹೊರಗೆ ತಂದಿಟ್ಟು, ಬಿಸಿ ಸಮನಾದ ಮೇಲೆ ತೆರೆಯಬೇಕು. ಉಪ್ಪಿನ ತುಂತುರು ಬಿದ್ದಾಗ ಒಣಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಮೊದಲು ಗಾಳಿಯೂದಿ, ಅನಂತರ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತುಬಟ್ಟೆಯಿಂದ ಒತ್ತಿ ತೆಗೆದು, ಕೊನೆಗೆ ಒಣಬಟ್ಟೆಯಿಂದ ಒರಸಬೇಕು. ಗಾಳಿ ಬೀಸುವ ಅಟ್ಟದ ಮೇಲೆ ಮಸೂರವನ್ನು ಬದಲಿಸಬಾರದು. ಚಿತ್ರ ತೆಗೆಯುವಾಗ ಮೊಣಕೈಗಳನ್ನು ಮೈಗೆ ಒತ್ತಿಹಿಡಿದು, ಕಟಕಟೆಗೆ ಒರಗದೆ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ವೇಗವನ್ನಿಟ್ಟರೆ ನಡುಕ ಬಹುಮಟ್ಟಿಗೆ ಅಡಗುತ್ತದೆ. ಕ್ಯಾಮರಾದ ಪಟ್ಟಿ ಮಾತ್ರ ಕೊರಳಿನಿಂದ ಇಳಿಯಕೂಡದು.

ಹಡಗಿನ ನಿಬಂಧನೆಗಳನ್ನು ಚೀಟಿ ಕೊಳ್ಳುವಾಗಲೇ ಓದಿಕೊಳ್ಳಬೇಕು. ಹಾರುವ ಡ್ರೋನ್ ಯಂತ್ರವನ್ನು ಅನೇಕ ಹಡಗುಗಳಲ್ಲಿ ಒಳಗೆ ಬಿಡುವುದಿಲ್ಲ. ಬೆಂಕಿಯ ಭಯದಿಂದ ವಿದ್ಯುತ್ತಿನ ಕೆಲವು ಬಗೆಯ ಉದ್ದತಂತಿಯ ಹಲಗೆಗಳನ್ನೂ ತೆಗೆದಿಟ್ಟುಕೊಳ್ಳುತ್ತಾರೆ. ವಿಮಾನದಲ್ಲಿ ಹೋಗುವಾಗ ಬಿಡಿ ಬ್ಯಾಟರಿಗಳು ಕೈಚೀಲದಲ್ಲಿಯೇ ಇರತಕ್ಕುದು. ಒಂದೊಂದೂ ೧೦೦ ವಾಟ್-ಗಂಟೆಯೊಳಗಿದ್ದರೆ ತೊಂದರೆಯಿಲ್ಲ, ಕ್ಯಾಮರಾದವು ಇದಕ್ಕಿಂತ ಬಹಳ ಚಿಕ್ಕವು. ಲಕ್ಷದ್ವೀಪಕ್ಕೆ ಹೊರಗಿನವರು ಪ್ರವೇಶದ ಅನುಮತಿಯನ್ನು ಪಡೆಯಬೇಕು. ಅಲ್ಲಿಯ ಜನರ ಚಿತ್ರವನ್ನು, ಮುಖ್ಯವಾಗಿ ಹೆಂಗಸರ ಚಿತ್ರವನ್ನು, ಕೇಳದೆ ತೆಗೆಯುವುದು ಅಮರ್ಯಾದೆ. ಹೊರದೇಶಕ್ಕೆ ಹೋಗುವವರು ಬೆಲೆಬಾಳುವ ಮಸೂರದ ಅಂಕಗಳನ್ನು ಸುಂಕದ ಅಧಿಕಾರಿಗಳಿಗೆ ಹೊರಡುವಾಗಲೇ ತೋರಿಸಿ ಪ್ರಮಾಣಪತ್ರ ಪಡೆದರೆ, ಮರಳುವಾಗ ಅದು ಹೊಸದಾಗಿ ಕೊಂಡುದೆಂಬ ಶಂಕೆಗೆ ಎಡೆಯಿರದು. ಮನೆಯ ವಿಮೆಯು ಮನೆಯ ಹೊರಗೂ ಸಲ್ಲುವುದೇ ಎಂಬುದನ್ನೂ ವಿಚಾರಿಸಬೇಕು.

ಇಷ್ಟನ್ನೂ ಹೇಳಿ ನಾವು ಕೊಟ್ಟ ತೀರ್ಪಿದು. ದೊಡ್ಡ ಮಸೂರವು ಕಬ್ಬಾಳಿನಲ್ಲಿಯೇ ಬೀರುವಿನೊಳಗಿರಲಿ. ಹತ್ತಿರದವರ ಮುಖವನ್ನೂ ವಿಶಾಲವಾದ ಕಡಲನ್ನೂ ಹಿಡಿಯುವ ಚಿಕ್ಕದೊಂದು ಮಸೂರ ಅವಶ್ಯವಾಗಿ ಹೋಗಲಿ. ಡಾಲ್ಫಿನಿನ ಆಸೆ ಬಿಡದಿದ್ದರೆ ೧೦೦-೪೦೦ರದನ್ನು ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ತರಲಿ. ದೋಣಿಗೆ ಇಳಿಯುವಾಗ ಎಲ್ಲವೂ ಚೀಲದೊಳಗಿರಲಿ, ಚೀಲವು ತಂದೆಯ ವಶದಲ್ಲಿರಲಿ, ಅಜ್ಜಿಯ ಕೈ ಮೊಮ್ಮಗನ ವಶದಲ್ಲಿರಲಿ. ತಂದೆಯೂ ಒಂದು ಮಾತು ನಡೆಸಿಕೊಡಬೇಕು: ದಿನಕ್ಕೆ ಒಂದು ಗಂಟೆ, ಬೆಳಗಿನಲ್ಲಿ, ಹುಡುಗನನ್ನು ಅವನ ಪಾಡಿಗೆ ಅಟ್ಟದ ಮೇಲೆ ಬಿಡಬೇಕು. ವಿದ್ಯೆಯನ್ನು ಪ್ರೀತಿಸುವವನಿಗೆ ಅಷ್ಟಾದರೂ ಏಕಾಂತ ಬೇಡವೇ? ಇದಕ್ಕೆ ಇಬ್ಬರೂ ಒಪ್ಪಿದರು.

ವಾಚಕರಿಗೆ ಇನ್ನೊಂದು ಮಾತು. ಚಿತ್ರ ತೆಗೆಯುವವನು ಮನೆಯ ಚಿತ್ರಗಳಲ್ಲಿ ಎಂದೂ ಇರುವುದಿಲ್ಲ. ಆದುದರಿಂದ ದಿನಕ್ಕೊಮ್ಮೆಯಾದರೂ ಕ್ಯಾಮರಾವನ್ನು ಬೇರೊಬ್ಬರ ಕೈಗೆ ಕೊಟ್ಟು ತಾನೂ ನಡುವೆ ನಿಲ್ಲಬೇಕು. ಮರಳಿ ಬಂದ ಮೇಲೆ ಸಾವಿರ ಚಿತ್ರಗಳನ್ನು ಯಂತ್ರದೊಳಗೆ ಮರೆತುಬಿಡದೆ, ಹತ್ತನ್ನಾರಿಸಿ ಕಾಗದದ ಮೇಲೆ ಅಚ್ಚುಮಾಡಿಸಿ, ಹಿಂದೆ ತಿಥಿ, ಸ್ಥಳ, ಇದ್ದವರ ಹೆಸರು ಬರೆದಿಡಬೇಕು. ಮುಂದೆ ಹುಟ್ಟುವ ಮಕ್ಕಳು ಅವುಗಳನ್ನು ಕೈಯಲ್ಲಿ ಹಿಡಿದು, ಇವರು ಯಾರೆಂದು ಕೇಳುವಂತಾಗಲಿ.