ಕುತ್ತಿಗೆ ನೋವಿಗೆ ಗುಳಿಗೆ ಅಂಗಡಿಯೇ ಆಸ್ಪತ್ರೆಯೇ?

ದಾವಣಗೆರೆಯ ಮಂಡಿಪೇಟೆಯಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಸಾಕು, ಕುತ್ತಿಗೆ ಹಿಡಿದುಕೊಂಡವರ ದರ್ಶನವಾಗುತ್ತದೆ. ಬೆಳಗಿನಿಂದ ತಲೆ ಬಗ್ಗಿಸಿ ಲೆಕ್ಕ ಬರೆಯುವ ಗುಮಾಸ್ತ, ಲಾರಿಯಿಂದ ಚೀಲ ಇಳಿಸುವ ಹಮಾಲ, ಹೊಲಿಗೆ ಮಷಿನ್ನಿನ ಮೇಲೆ ಬಾಗಿದ ಟೈಲರ್, ಹರಿಹರ-ಹರಪನಹಳ್ಳಿ ಬಸ್ಸಿನಲ್ಲಿ ನಿತ್ಯ ತೂಕಡಿಸುತ್ತ ಓಡಾಡುವ ನೌಕರ. ಕೇಳಿದರೆ ಎಲ್ಲರದೂ ಒಂದೇ ಮಾತು: "ಏನಿಲ್ರೀ, ಸ್ವಲ್ಪ ಕುತ್ತಿಗಿ ಹಿಡಕೊಂಡೈತಿ. ಒಂದು ಗುಳಿಗಿ ತಗೊಂಡ್ರೆ ಹೋಗ್ತೈತಿ."

ಹೋಗುವುದು ನೋವು ಮಾತ್ರ ಸ್ವಾಮಿ, ಅದೂ ಐದಾರು ಗಂಟೆ. ಮರುದಿನ ಮತ್ತೆ ಅದೇ ಅಂಗಡಿ, ಅದೇ ಗುಳಿಗೆ. ಹೀಗೆ ವರ್ಷಗಟ್ಟಲೆ ನಡೆಸಿಕೊಂಡು ಬಂದವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ, ಯಾವ ಪರೀಕ್ಷೆಯೂ ಆಗಿಲ್ಲ. ಈ ಅಂಕಣದ ತಕರಾರು ಇದೇ.

ಮೊದಲು ಕಾಯಿಲೆಯ ವಿಚಾರ. ನಮ್ಮ ಕುತ್ತಿಗೆಯಲ್ಲಿ ಏಳು ಎಲುಬಿನ ಮಣಿಗಳಿವೆ. ಮಣಿ ಮಣಿಯ ನಡುವೆ ಮೆತ್ತೆಯಂಥ ತಟ್ಟೆ. ವಯಸ್ಸಾದಂತೆ ಈ ಮೆತ್ತೆಯ ನೀರಿನಂಶ ಆರಿ ಅದು ತೆಳ್ಳಗಾಗುತ್ತದೆ, ಎಲುಬಿನ ಅಂಚಿನಲ್ಲಿ ಮುಳ್ಳಿನ ಹಾಗೆ ಬೆಳೆಯುತ್ತದೆ. ಡಾಕ್ಟರರು ಇದನ್ನು ಸರ್ವೈಕಲ್ ಸ್ಪಾಂಡಿಲೋಸಿಸ್ ಅಂತಾರೆ, ಜನ 'ಸ್ಪಾಂಡಿಲೈಟಿಸ್' ಅಂತಾರೆ. ಕುತ್ತಿಗೆಯ ಸಂಧಿವಾತ ಅನ್ನುವುದೂ ಇದನ್ನೇ. ಅರವತ್ತು ದಾಟಿದ ಬಹುಪಾಲು ಜನರ ಎಕ್ಸ್-ರೇಯಲ್ಲಿ ಈ ಸವೆತ ಕಾಣುತ್ತದೆ. ಆದರೆ ಸವೆದವರಿಗೆಲ್ಲ ನೋವಿರುವುದಿಲ್ಲ. ಆದ್ದರಿಂದ ಎಕ್ಸ್-ರೇ ನೋಡಿ ಹೌಹಾರಬೇಕಿಲ್ಲ. ನೋವನ್ನು ಹತೋಟಿಯಲ್ಲಿಟ್ಟುಕೊಂಡು ಬಾಳಬಹುದಾದ ಕಾಯಿಲೆ ಇದು.

ತಲೆಯ ಭಾರ ಸುಮಾರು ಐದು ಕಿಲೋ. ನೆಟ್ಟಗೆ ಕೂತರೆ ಕುತ್ತಿಗೆಗೆ ಅಷ್ಟೇ ಹೊರೆ. ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಒಂದು ಲೆಕ್ಕ ಹಾಕಿ ತೋರಿಸಿದರು: ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಯ ಮೇಲೆ ಬೀಳುವ ಒತ್ತಡ ಸುಮಾರು 27 ಕಿಲೋ. ಅಂದರೆ ಅರ್ಧ ಚೀಲ ಅಕ್ಕಿಗಿಂತ ಹೆಚ್ಚು. ಬಸ್ಸಿನಲ್ಲಿ ಮೊಬೈಲಿನೊಳಗೆ ತಲೆ ಹುದುಗಿಸಿ ಕೂತ ಹುಡುಗರನ್ನು ನೋಡಿ. ಹಮಾಲನಿಗಾದರೂ ಹೊತ್ತದ್ದಕ್ಕೆ ಕೂಲಿ ಸಿಗುತ್ತದೆ, ಇವರಿಗೆ ಅದೂ ಇಲ್ಲ.

ಈಗ ಗುಳಿಗೆಯ ಮಾತು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಮುಂತಾದ ನೋವಿನ ಮಾತ್ರೆಗಳು ಉಪಯೋಗವಿಲ್ಲದವಲ್ಲ. ನೋವು ಜೋರಾಗಿರುವಾಗ ಕೆಲವು ದಿನ, ಊಟವಾದ ಮೇಲೆ, ಡಾಕ್ಟರು ಹೇಳಿದಷ್ಟು ತೆಗೆದುಕೊಂಡರೆ ಅವು ಉಪಕಾರಿಗಳೇ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಬೀಪಿ ಏರಿಕೆ, ಕಿಡ್ನಿಗೆ ಪೆಟ್ಟು. ಬೀಪಿ, ಸಕ್ಕರೆ ಕಾಯಿಲೆ ಇದ್ದವರಿಗಂತೂ ಅಪಾಯ ಇಮ್ಮಡಿ. ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆ ಜಗತ್ತಿನಾದ್ಯಂತ ಮಾರಾಟವಾಗುತ್ತಿತ್ತು. ಹೃದಯಾಘಾತ ಹೆಚ್ಚುತ್ತದೆ ಎಂದು ಗೊತ್ತಾಗಿ 2004ರಲ್ಲಿ ತಯಾರಿಸಿದ ಕಂಪನಿಯೇ ಅದನ್ನು ವಾಪಸು ತೆಗೆದುಕೊಂಡಿತು.

ಇನ್ನೊಂದು ಸಂಗತಿ ಕೇಳಿ. ನಮ್ಮ ದೇಶದ ರಣಹದ್ದುಗಳು ಲಕ್ಷಗಟ್ಟಲೆ ಸತ್ತು ಆಕಾಶವೇ ಖಾಲಿಯಾಯಿತಲ್ಲ, ಅದಕ್ಕೆ ಮುಖ್ಯ ಕಾರಣ ಇದೇ ಡೈಕ್ಲೋಫೆನಾಕ್. ದನಗಳಿಗೆ ನೋವಿಗೆಂದು ಕೊಟ್ಟರು. ಸತ್ತ ದನವನ್ನು ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ಸರ್ಕಾರ ದನದ ಔಷಧಿಯಾಗಿ ಅದನ್ನು ನಿಷೇಧಿಸಿತು. ಉಳಿದ ಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟದಲ್ಲಿ ಧಾಮವನ್ನೇ ಮಾಡಬೇಕಾಯಿತು. ಮನುಷ್ಯನ ಕಿಡ್ನಿ ಹದ್ದಿನ ಕಿಡ್ನಿಯಷ್ಟು ನಾಜೂಕಲ್ಲ, ಒಪ್ಪೋಣ. ಹಾಗೆಂದು ಪೆಪ್ಪರಮಿಂಟಿನ ಹಾಗೆ ಚೀಪುವ ಪದಾರ್ಥವೂ ಅದಲ್ಲ.

ಡೈಕ್ಲೋಫೆನಾಕ್ ಮಾತ್ರೆಯನ್ನು ಚೀಟಿಯಿಲ್ಲದೆ ಮಾರಬಾರದೆಂದು ಕಾನೂನೇ ಇದೆ. ಪಟ್ಟಿಯ ಮೇಲೆ ಹಾಗಂತ ಅಚ್ಚೂ ಹಾಕಿರುತ್ತಾರೆ. ಆದರೆ ಕತ್ತರಿಯಿಂದ ಎರಡು ಗುಳಿಗೆ ಕತ್ತರಿಸಿ ಕೊಡುವಾಗ ಆ ಅಚ್ಚು ಓದುವವರು ಯಾರು? ಜೊತೆಗೆ ನರದ ನೋವಿಗೆ, ಸ್ನಾಯು ಸಡಿಲಿಸುವುದಕ್ಕೆ ಎಂದು ಕೊಡುವ ಕೆಲವು ಮಾತ್ರೆಗಳು ನಿದ್ದೆ ತರಿಸುತ್ತವೆ. ಅದನ್ನು ನುಂಗಿ ಡ್ರೈವರು ಸ್ಟಿಯರಿಂಗ್ ಹಿಡಿದರೆ ಕುತ್ತಿಗೆ ನೋವು ಅವನೊಬ್ಬನದು, ಅಪಾಯ ಐವತ್ತು ಜನರದು.

ಮಾತ್ರೆ ಬೇಡ ಅಂದವರು ಪುಡಿ ಹಿಡಿಯುತ್ತಾರೆ. 'ಮೂರು ದಿನಕ್ಕೆ ನೋವು ಮಾಯ' ಎಂದು ಹೆಸರಿಲ್ಲದ ಪೊಟ್ಟಣ ಕೊಡುವವರ ಹತ್ತಿರ ಹುಷಾರಾಗಿರಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಮೊದಲು ಮೈ ಹಗುರ, ಆಮೇಲೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ.

ಕ್ಷೌರದಂಗಡಿಯಲ್ಲಿ ತಲೆ ಹಿಡಿದು 'ಲಟಕ್' ಅನ್ನಿಸುವ ಪದ್ಧತಿ ಇನ್ನೊಂದು. ಸುಖ ಅನ್ನಿಸುತ್ತದೆ, ನಿಜ. ಆದರೆ ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಎಲುಬಿನ ತೂತಿನೊಳಗಿಂದಲೇ ಹಾದುಹೋಗುತ್ತವೆ. ತಟ್ಟನೆ ತಿರುಚಿದಾಗ ನಾಳದ ಒಳಗೋಡೆ ಹರಿದರೆ ಲಕ್ವ ಹೊಡೆಯಬಹುದು. 2024ರಲ್ಲಿ ಬಳ್ಳಾರಿ ಮೂಲದ ಮೂವತ್ತರ ಯುವಕನೊಬ್ಬನಿಗೆ ಹೀಗೆ ಕುತ್ತಿಗೆ ತಿರುಚಿಸಿಕೊಂಡ ಮೇಲೆ ಲಕ್ವ ಹೊಡೆದದ್ದು ಪೇಪರುಗಳಲ್ಲಿ ಬಂದಿತ್ತು. ಕ್ಷೌರಿಕ ಅಣ್ಣಂದಿರಲ್ಲಿ ವಿನಂತಿ: ಕತ್ತರಿ ಕೆಲಸ ನಿಮ್ಮದು, ಕುತ್ತಿಗೆ ಕೆಲಸ ಬಿಟ್ಟುಬಿಡಿ.

ಹಾಗಾದರೆ ಏನು ಮಾಡಬೇಕು? ಬಿಸಿ ಶಾಖ, ಎಣ್ಣೆ ನೀವುವುದು ಬಿಗಿದ ಸ್ನಾಯುವನ್ನು ಸಡಿಲ ಮಾಡುತ್ತವೆ, ಮಾಡಿಸಿಕೊಳ್ಳಿ. ಬೆಳೆದ ಎಲುಬಿನ ಮುಳ್ಳು ಎಣ್ಣೆಗೆ ಕರಗುತ್ತದೆ ಎಂದರೆ ಮಾತ್ರ ನಂಬಬೇಡಿ. ಕುತ್ತಿಗೆ ಪಟ್ಟಿ ಕೆಲವು ದಿನಕ್ಕೆ ಸರಿ. ಅದನ್ನೇ ತಿಂಗಳುಗಟ್ಟಲೆ ಬಿಗಿದುಕೊಂಡು ತಿರುಗಿದರೆ ಸ್ನಾಯುಗಳು ಸೋಮಾರಿಯಾಗಿ ಇನ್ನಷ್ಟು ಬಲ ಕಳಕೊಳ್ಳುತ್ತವೆ. ಮುಲಾಮು ಹಚ್ಚುವುದು ನುಂಗುವುದಕ್ಕಿಂತ ಹೊಟ್ಟೆಗೆ ವಾಸಿ.

ದೀರ್ಘಕಾಲಕ್ಕೆ ಆಸರೆಯಾಗುವುದು ವ್ಯಾಯಾಮ. ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲ್ಲಾಡದಂತೆ ಎದುರು ಒತ್ತಡ ಕೊಡಿ. ಹಾಗೆಯೇ ಹಿಂದಲೆಗೆ, ಎರಡೂ ಕಪಾಳಕ್ಕೆ. ಒಂದೊಂದು ಕಡೆ ಐದಾರು ಸೆಕೆಂಡು. ಫಿಜಿಯೋಥೆರಪಿಯವರು ಒಂದೆರಡು ಸಲ ತೋರಿಸಿಕೊಟ್ಟರೆ ಮನೆಯಲ್ಲೇ ಮಾಡಬಹುದು, ಕಾಸು ಖರ್ಚಿಲ್ಲ. ಲೆಕ್ಕದ ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಎತ್ತರದ ಎರಡು ದಿಂಬು ಬಿಡಿ, ತೆಳ್ಳಗಿನ ಒಂದು ಸಾಕು.

ಆಪರೇಷನ್ ಎಲ್ಲರಿಗೂ ಬೇಕಿಲ್ಲ. ಬಹಳ ಜನಕ್ಕೆ ಕೆಲವು ವಾರಗಳಲ್ಲಿ ನೋವು ತಾನಾಗಿ ತಗ್ಗುತ್ತದೆ. ಎಮ್ಮಾರೈ ಮಾಡಿಸಿದರೆ ನೋವಿಲ್ಲದವರಲ್ಲೂ ಸವೆತ ಕಾಣುತ್ತದೆ. ಆದ್ದರಿಂದ ಬರೀ ಫಿಲ್ಮ್ ನೋಡಿ ಕತ್ತಿ ಹಾಕಲು ಒಪ್ಪಬೇಡಿ, ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಆದರೆ ಕೆಲವು ಲಕ್ಷಣ ಕಂಡರೆ ಒಂದು ದಿನವೂ ತಡ ಮಾಡಬೇಡಿ: ಅಂಗಿ ಗುಂಡಿ ಹಾಕಲು ಬರುತ್ತಿಲ್ಲ, ನೋಟು ಎಣಿಸುವಾಗ ಕೈ ತಪ್ಪುತ್ತದೆ, ನಡೆಯುವಾಗ ಕಾಲು ತೂರಾಡುತ್ತದೆ, ಚಪ್ಪಲಿ ಜಾರಿದ್ದು ಗೊತ್ತಾಗುವುದಿಲ್ಲ, ಮೂತ್ರದ ಮೇಲೆ ಹಿಡಿತ ತಪ್ಪಿದೆ. ಇದು ಬೆನ್ನುಹುರಿಯೇ ಒತ್ತಿಕೊಂಡಿರುವ ಸೂಚನೆ. ಆಗ ಆಪರೇಷನ್ ಬೇಕಾಗಬಹುದು, ತಡವಾದರೆ ಹೋದ ಶಕ್ತಿ ಪೂರ್ತಿ ವಾಪಸು ಬಾರದು. ಇನ್ನು ಎಡಗೈಗೆ ಇಳಿಯುವ ನೋವಿನ ಜೊತೆ ಎದೆ ಹಿಡಿದು ಬೆವರು ಕಿತ್ತರೆ ಅದು ಕುತ್ತಿಗೆಯಲ್ಲ, ಹೃದಯವಿರಬಹುದು. ಸೀದಾ ಆಸ್ಪತ್ರೆಗೆ ಓಡಿ.

ಇಷ್ಟೆಲ್ಲ ಬುದ್ಧಿ ಹೇಳುವುದು ಸುಲಭ. "ಫಿಜಿಯೋಥೆರಪಿಗೆ ಹೋಗಪ್ಪ" ಅಂದರೆ ಹಮಾಲ ಕೇಳುತ್ತಾನೆ: "ಬೆಳಿಗ್ಗೆ ಹೋದ್ರೆ ನನ್ನ ಕೂಲಿ ಯಾರು ಕೊಡ್ತಾರ್ರೀ?" ಅಂಗಡಿ ಹುಡುಗನೂ ಅದನ್ನೇ ಕೇಳುತ್ತಾನೆ. ಅವರ ಪ್ರಶ್ನೆ ನ್ಯಾಯವಾದದ್ದು. ಹಗಲಿನ ಆಸ್ಪತ್ರೆ ಹಗಲು ದುಡಿಯುವವನಿಗೆ ದೂರ. ಗುಳಿಗೆ ಅಂಗಡಿ ರಾತ್ರಿ ಹತ್ತರವರೆಗೂ ಬಾಗಿಲು ತೆರೆದಿರುತ್ತದೆ. ಜನ ಎಲ್ಲಿಗೆ ಹೋಗುತ್ತಾರೆ ಹೇಳಿ.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ಸಂಜೆಯಾದರೂ ಫಿಜಿಯೋಥೆರಪಿ ಕೋಣೆಯ ಬಾಗಿಲು ತೆಗೆಯಿರಿ. ಹೊಸ ಕಟ್ಟಡ ಬೇಡ, ಇರುವ ಕೋಣೆಗೆ ದೀಪ ಹಚ್ಚಿ ಒಬ್ಬರನ್ನು ಕೂರಿಸಿದರೆ ಸಾಕು. ಔಷಧ ನಿಯಂತ್ರಣದ ಅಧಿಕಾರಿಗಳು ಚೀಟಿಯಿಲ್ಲದ ಮಾರಾಟದ ಮೇಲೆ ಕಣ್ಣಿಡಲಿ. ಮಂಡಿಯ ವರ್ತಕರು ಚೀಲ ಸಾಗಿಸಲು ಕೈಗಾಡಿ ಹೆಚ್ಚಿಸಲಿ. ಅದರ ಖರ್ಚು ಒಂದು ಸಲದ್ದು, ಹಮಾಲನ ಕುತ್ತಿಗೆ ಜೀವಮಾನದ್ದು.

ಸಂಬಂಧಪಟ್ಟವರು ಇದನ್ನು ಓದುತ್ತಾರೆಂದು ನಂಬಿದ್ದೇವೆ. ಓದುಗರೇ, ನೀವು ಈ ಪೇಪರನ್ನು ಬಸ್ಸಿನಲ್ಲಿ ಓದುತ್ತಿದ್ದರೆ ಸ್ವಲ್ಪ ಮೇಲಕ್ಕೆತ್ತಿ ಹಿಡಿದುಕೊಳ್ಳಿ.